‘ಡಿಡ್’ ಎಲ್ಲಿಗೆ ಹೋಯಿತು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಗಳ ನಮ್ಮ ಅನೇಕ ಮಕ್ಕಳ ಮನೆಮಾತು ಉರ್ದು, ಹೊರಗಿನ ಮಾತು ಕನ್ನಡ. ‘ವೋ ಕಹಾಂ ಗಯಾ’, ‘ಅವನು ಎಲ್ಲಿಗೆ ಹೋದ’ ಎಂಬುದಕ್ಕೆ ‘ಮಾಲೂಮ್ ನಹೀಂ’, ‘ಗೊತ್ತಿಲ್ಲ’ ಸೇರಿಸಿದರೂ ಪ್ರಶ್ನೆಯ ಪದಕ್ರಮ ಬದಲಾಗದು. ಇಂಗ್ಲಿಷಿನಲ್ಲಿ ಹಾಗಲ್ಲ. ‘ವೇರ್ ಡಿಡ್ ಹಿ ಗೋ?’ ಎಂಬುದು ‘ಐ ಡೋಂಟ್ ನೋ ವೇರ್ ಹಿ ವೆಂಟ್’ ಆಗುತ್ತದೆ.

ಇದಕ್ಕೊಂದು ಇತಿಹಾಸವಿದೆ. ಹಿಂದಿನ ಇಂಗ್ಲಿಷಿನಲ್ಲಿ ‘ವೇರ್ ವೆಂಟ್ ಹಿ?’ ಎಂಬ ಮಾದರಿಯೇ ಸಾಕಿತ್ತು. 16, 17ನೇ ಶತಮಾನಗಳಲ್ಲಿ ನೇರ ಪ್ರಶ್ನೆಗೆ ‘ಡು’, ‘ಡಿಡ್’ ಸೇರುವುದು ರೂಢಿಯಾಯಿತು. ಇನ್ನೊಂದು ಕ್ರಿಯಾಪದಕ್ಕೆ ಅಂಟಿದ ಪ್ರಶ್ನೆ ಮಾತ್ರ ಹೇಳಿಕೆಯ ಹಳೆಯ ಕ್ರಮದಲ್ಲೇ ಉಳಿಯಿತು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದವರ ಭಾಷೆಯಲ್ಲಿ ಈ ನಿಯಮ ಆಗಲೇ ನೆಲೆಯೂರಿತ್ತು.

ವಿದ್ಯಾರ್ಥಿಗಳೇ, ‘ಐ ನೋ’, ‘ಟೆಲ್ ಮಿ’ಗಳ ಬಳಿಕ ಕರ್ತೃ ಮೊದಲು, ಕ್ರಿಯಾಪದ ಆಮೇಲೆ. ಪರೀಕ್ಷೆ, ಸಂದರ್ಶನಗಳಲ್ಲಿ ಇದು ನಿಮ್ಮ ಕೈ ಹಿಡಿಯುತ್ತದೆ.