ಯಾತ್ಸುಹಾಶಿ: ಕ್ಯೋಟೋ ನಗರದ ದಾಲ್ಚಿನ್ನಿ ಪರಿಮಳದ ಅಕ್ಕಿ ತಿನಿಸು

ಯಾತ್ಸುಹಾಶಿಯು ಜಪಾನಿನ ಕ್ಯೋಟೋ ನಗರದ ಸಾಂಪ್ರದಾಯಿಕ ಸಿಹಿತಿನಿಸು. ಅಕ್ಕಿಹಿಟ್ಟು, ಸಕ್ಕರೆ ಮತ್ತು ದಾಲ್ಚಿನ್ನಿ ಇದರ ಮುಖ್ಯ ಸಾಮಗ್ರಿಗಳು. 1685ರಲ್ಲಿ ನಿಧನರಾದ ಕೊಟೊ ವಾದಕ ಯಾತ್ಸುಹಾಶಿ ಕೆಂಗ್ಯೋ ಅವರ ಸ್ಮರಣೆಗಾಗಿ ಆ ತಂತಿವಾದ್ಯದ ಬಾಗಿದ ಆಕಾರವನ್ನು ಇದಕ್ಕೆ ನೀಡಲಾಯಿತೆಂಬುದು ಪ್ರಚಲಿತ ನಂಬಿಕೆ.

ಅಕ್ಕಿಹಿಟ್ಟಿಗೆ ನೀರು ಬೆರೆಸಿ ಹಬೆಯಲ್ಲಿ ಬೇಯಿಸಿ, ಸಕ್ಕರೆ ಹಾಗೂ ದಾಲ್ಚಿನ್ನಿ ಪುಡಿ ಸೇರಿಸಿ ನಾದಲಾಗುತ್ತದೆ. ತೆಳುವಾಗಿ ಲಟ್ಟಿಸಿ, ಕತ್ತರಿಸಿ ಸುಟ್ಟು, ಬಿಸಿಯಿರುವಾಗಲೇ ಬಾಗಿಸಿದರೆ ಗರಿಗರಿಯಾದ ಬಗೆ ಸಿದ್ಧವಾಗುತ್ತದೆ. ಸುಡದೆ ಚೌಕಾಕಾರವಾಗಿ ಕತ್ತರಿಸಿ, ಅಜುಕಿ ಕಾಳಿನ ಸಿಹಿ ಹೂರಣವಿಟ್ಟು ತ್ರಿಕೋನಾಕಾರವಾಗಿ ಮಡಿಸಿದ ಮೃದುವಾದ ಬಗೆಯನ್ನು 'ನಾಮಾ ಯಾತ್ಸುಹಾಶಿ' ಎನ್ನುವರು. ನಮ್ಮ ಕಡುಬಿನ ಹಿಟ್ಟನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

ಅಕ್ಕಿ ಸಂಸ್ಕರಣೆಯಲ್ಲಿ ತೊಡಗಿರುವ ರೈತರು ಹಾಗೂ ಸ್ವಸಹಾಯ ಸಂಘಗಳು ಗಮನಿಸಬೇಕಾದ ಅಂಶವೆಂದರೆ ಈ ಎರಡು ಬಗೆಗಳ ಬಾಳಿಕೆ. ಬೆಂದ ಅಕ್ಕಿಯ ಪಿಷ್ಟವು ತಣಿದಂತೆ ಮತ್ತೆ ಗಟ್ಟಿಯಾಗುತ್ತದೆ. ಉದುರುದುರಾಗಿ ಬೇಯುವ, ಅಧಿಕ ಅಮೈಲೋಸ್ ಇರುವ ಅಕ್ಕಿಯಲ್ಲಿ ಇದು ಇನ್ನೂ ಬೇಗ. ಹೆಚ್ಚು ಸಕ್ಕರೆಯು ಈ ಬದಲಾವಣೆಯನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ. ತೇವಾಂಶ ಉಳಿದಿರುವುದರಿಂದ ಮೃದು ಬಗೆಗೆ ಬೂಷ್ಟು ತಗಲುವ ಭಯವೂ ಇದೆ. ಕೆಲವೇ ದಿನಗಳಲ್ಲಿ ಮಾರಾಟವಾಗಬೇಕು. ಸುಟ್ಟ ಬಗೆಯನ್ನು ಗಾಳಿಯಾಡದ ಪೊಟ್ಟಣದಲ್ಲಿ ಬಹುಕಾಲ ಇಡಬಹುದು. ದೂರದ ಮಾರುಕಟ್ಟೆಯನ್ನು ನೆಚ್ಚುವವರಿಗೆ ಮೊದಲನೆಯದಕ್ಕಿಂತ ಎರಡನೆಯದೇ ಸೂಕ್ತವೆಂಬುದು ನಮ್ಮ ಅಭಿಪ್ರಾಯ.

ಪರಿಮಳದ ಮೂಲವೂ ಕುತೂಹಲಕರ. ಜಪಾನಿನ ಸ್ಥಳೀಯ ದಾಲ್ಚಿನ್ನಿಯಾದ ನಿಕ್ಕಿಯಲ್ಲಿ ಪರಿಮಳವು ಬೇರಿನ ತೊಗಟೆಯಲ್ಲಿದೆ. ಅದಕ್ಕಾಗಿ ಬೇರನ್ನೇ ಅಗೆಯಬೇಕು. ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಬೆಳೆಯುವ ನಿಜ ದಾಲ್ಚಿನ್ನಿಯಲ್ಲಾದರೋ, ಗಿಡವನ್ನು ಬುಡದಿಂದ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುವ ಕವಲುಗಳಿಂದ ಪದೇ ಪದೇ ತೊಗಟೆ ಪಡೆಯಬಹುದು.

ಮಾರುಕಟ್ಟೆಯಲ್ಲಿ ದಾಲ್ಚಿನ್ನಿಯ ಹೆಸರಿನಲ್ಲಿ ಕ್ಯಾಸಿಯಾ ತೊಗಟೆಯೂ ಬರುತ್ತದೆ. ನಿಜ ದಾಲ್ಚಿನ್ನಿಯ ಸುರುಳಿ ಕಾಗದದಂತೆ ತೆಳುವಾದ ಹಲವು ಪದರಗಳಿಂದ ಕೂಡಿದ್ದು ಸುಲಭವಾಗಿ ಮುರಿಯುತ್ತದೆ. ಕ್ಯಾಸಿಯಾ ದಪ್ಪ, ಗಡಸು. ಸುರುಳಿ ಒಂದೇ ಪದರದ್ದು. ಅದರಲ್ಲಿ ಕೂಮರಿನ್ ಅಂಶ ಹೆಚ್ಚಿದ್ದು, ಅಧಿಕ ಪ್ರಮಾಣದಲ್ಲಿ ನಿತ್ಯ ಸೇವಿಸಿದರೆ ಯಕೃತ್ತಿಗೆ ಹಾನಿಯಾಗಬಹುದು. ಪುಡಿ ಮಾಡಿದ ನಂತರ ಎರಡನ್ನೂ ಕಣ್ಣಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಆದುದರಿಂದ ತಿನಿಸು ತಯಾರಿಸುವವರು ಇಡೀ ತೊಗಟೆಯನ್ನೇ ಕೊಂಡು, ಅಗತ್ಯವಿದ್ದಷ್ಟನ್ನು ಆಗಾಗ ಪುಡಿ ಮಾಡಿಕೊಳ್ಳಬೇಕು.