ಬೀಜದ ಹೋರಿಯ ಭವಿಷ್ಯ: ಎಷ್ಟು ನಂಬಬೇಕು?



ಇಳಕಲ್, ಹುನಗುಂದ, ಬಾದಾಮಿ ಸುತ್ತಿನ ಹಳ್ಳಿಗಳಲ್ಲಿ ಕಾರಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಹೇಳುವ ರೂಢಿಯುಂಟು. ಭವಿಷ್ಯ ಹೇಳುವುದು ಸುಲಭ. ಅದನ್ನು ಎಷ್ಟು ನಂಬಬಹುದೆಂದು ಅಳೆಯುವುದು ಕಷ್ಟ. ಹೈನು ವಿಜ್ಞಾನವು ಈ ಅಳತೆಯನ್ನು ಕಂಡುಕೊಂಡ ಬಗೆಯನ್ನು ನೋಡೋಣ.

ನಮ್ಮ ಎರೆಭೂಮಿಯ ಗಟ್ಟಿ ದುಡಿಮೆಗೆ ಹೆಸರಾದದ್ದು ಕೃಷ್ಣಾ ಕಣಿವೆ ತಳಿ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರ ಆಸಕ್ತಿಯಿಂದ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಸೀಮೆಯ ದನಗಳ ರಕ್ತ ಬೆರೆತು ಇದು ರೂಪುಗೊಂಡಿತು. ಎತ್ತಿನ ಬಲವನ್ನು ಕಣ್ಣಿನಿಂದ ಅಳೆಯಬಹುದು. ಆದರೆ ಹಾಲಿನ ಗುಣ? ಹೋರಿ ಹಾಲು ಕೊಡುವುದಿಲ್ಲವಲ್ಲ!

1895ರಲ್ಲಿ ಡೆನ್ಮಾರ್ಕಿನ ವೇಯೆನ್ ಎಂಬಲ್ಲಿ ರೈತರು ಸಂಘ ಕಟ್ಟಿ ಪ್ರತಿ ಆಕಳಿನ ಹಾಲನ್ನು ಅಳೆದು ಬರೆದಿಡತೊಡಗಿದರು. ಇಂಥ ಲೆಕ್ಕಗಳಿಂದಲೇ ಮುಂದೆ 'ಸಂತತಿ ಪರೀಕ್ಷೆ' ಬೆಳೆಯಿತು: ಹೋರಿಗೆ ಹುಟ್ಟಿದ ಆಕಳುಗಳ ಹಾಲು ನೋಡಿ ಹೋರಿಯ ಯೋಗ್ಯತೆ ತಿಳಿಯುವುದು. ಹಾಲಿನ ಆನುವಂಶೀಯತೆ 0.25 ಎಂದಿಟ್ಟುಕೊಳ್ಳಿ. ಬೇರೆ ಬೇರೆ ತಾಯಿಗಳಿಗೆ ಹುಟ್ಟಿದ ಆಕಳುಗಳ ಸಂಖ್ಯೆಯನ್ನು, ಅದಕ್ಕೆ 15 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ ವಿಶ್ವಾಸಾರ್ಹತೆ ಸಿಗುತ್ತದೆ. 15 ಆಕಳುಗಳಾದರೆ 0.50, 60 ಆದರೆ 0.80, 135 ಆದರೆ 0.90. ಸೊನ್ನೆಯೆಂದರೆ ಬರಿ ಊಹೆ, ಒಂದೆಂದರೆ ಪೂರ್ಣ ಖಚಿತ. ಆದರೆ ಕರು ಬೆಳೆದು, ಗಬ್ಬವಾಗಿ, ಈದು ಹಾಲು ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕು.

2001ರಲ್ಲಿ ಮ್ಯೂವಿಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ವಿಜ್ಞಾನಿಗಳು ಹೊಸ ದಾರಿ ತೋರಿಸಿದರು. ವಂಶವಾಹಿಗಳಲ್ಲಿನ ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿದರೆ ಕರುವಿನಲ್ಲೇ ಯೋಗ್ಯತೆಯನ್ನು ಅಂದಾಜು ಮಾಡಬಹುದು. 2009ರಲ್ಲಿ ಅಮೆರಿಕದಲ್ಲಿ ಹೋಲ್‌ಸ್ಟೀನ್ ತಳಿಗೆ ಇದು ಅಧಿಕೃತವಾಗಿ ಜಾರಿಗೆ ಬಂತು.

ಈ ಅಂದಾಜನ್ನು ಪರೀಕ್ಷಿಸುವುದು ಹೇಗೆ? ಹಳೆಯ ಹೋರಿಗಳ ದಾಖಲೆಯಿಂದ ಸೂತ್ರ ಕಟ್ಟುತ್ತಾರೆ. ಕಿರಿಯ ಹೋರಿಗಳ ಸಂತತಿಯ ಲೆಕ್ಕವನ್ನು ಮುಚ್ಚಿಟ್ಟು, ಗುರುತುಗಳಿಂದಷ್ಟೇ ಭವಿಷ್ಯ ಬರೆಯುತ್ತಾರೆ. ಬಳಿಕ ಲೆಕ್ಕ ತೆರೆದು ಎರಡನ್ನೂ ತಾಳೆ ನೋಡುತ್ತಾರೆ. ಉತ್ತರವನ್ನು ಮುಚ್ಚಿ ಗಣಿತ ಮಾಡಿ, ಆಮೇಲೆ ಪುಸ್ತಕದ ಹಿಂದಿನ ಪುಟ ನೋಡಿದಂತೆ!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೋಲ್‌ಸ್ಟೀನ್ ದಾಖಲೆಯಿಂದ ಕಟ್ಟಿದ ಸೂತ್ರ ಕೃಷ್ಣಾ ಕಣಿವೆಗೋ ಖಿಲಾರಿಗೋ ಒಪ್ಪುವುದಿಲ್ಲ. ಒಂದು ತಳಿಯಲ್ಲಿ ಹೆಚ್ಚು ಹಾಲನ್ನು ಸೂಚಿಸುವ ಗುರುತು ಇನ್ನೊಂದರಲ್ಲಿ ಏನನ್ನೂ ಸೂಚಿಸದೆ ಇರಬಹುದು. ಕೃತಕ ಗರ್ಭಧಾರಣೆಯಲ್ಲಿ ಒಂದೇ ಹೋರಿಯ ವೀರ್ಯ ಸಾವಿರಾರು ಆಕಳುಗಳಿಗೆ ತಲುಪುತ್ತದೆ; ತಪ್ಪು ಅಂದಾಜೂ ಅಷ್ಟೇ ದೂರ ಹರಡುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಸಂಖ್ಯೆ ಕುಗ್ಗಿರುವ ತಳಿಗೆ ಇಂಥ ತಪ್ಪನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ.

ಭಾರತದ ದನಗಳಿಗೆಂದೇ ರೂಪಿಸಿದ 'ಗೌ ಚಿಪ್' 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಆದರೆ ಚಿಪ್ ಗುರುತುಗಳನ್ನು ಓದುತ್ತದೆ, ಅಷ್ಟೆ. ಅವುಗಳ ಅರ್ಥ ತಿಳಿಯಲು ಹಾಲಿನ ಲೆಕ್ಕವೇ ಬೇಕು. ನಿಮ್ಮ ಮನೆಯಲ್ಲಿ ಆಕಳಿದ್ದರೆ, ತಿಂಗಳಿಗೊಂದು ದಿನ ಬೆಳಿಗ್ಗೆ ಮತ್ತು ಸಂಜೆ ಕರೆದ ಹಾಲನ್ನು ಅಳೆದು, ಕಿವಿಯೋಲೆಯ ಸಂಖ್ಯೆಯೊಡನೆ ವಹಿಯಲ್ಲಿ ಬರೆದಿಡಿ. ವೇಯೆನ್ ರೈತರು ಆರಂಭಿಸಿದ್ದೂ ಇದೇ ಕೆಲಸವನ್ನು.