ಬಸವನಗುಡಿಯ ನ್ಯಾಷನಲ್ ಹೈಸ್ಕೂಲು: ಒಂದು ವಿದ್ಯಾಸ್ಥಾನದ ಚರಿತ್ರೆ



ಮಠವೆಂಬ ಶಬ್ದಕ್ಕೆ ಛಾತ್ರರೇ ಮೊದಲಾದವರು ವಾಸಮಾಡುವ ನಿಲಯವೆಂದು ಅಮರಸಿಂಹನು ತನ್ನ ಕೋಶದಲ್ಲಿ ಅರ್ಥವನ್ನು ಹೇಳಿರುವನು. ಛಾತ್ರನೆಂದರೆ ಗುರುವಿನ ಬಳಿಯಲ್ಲಿದ್ದು ಕಲಿಯತಕ್ಕ ವಿದ್ಯಾರ್ಥಿ. ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ಐಗಳು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಶಾಲೆಗೆ ಕೂಲಿಮಠವೆಂದೇ ಹೆಸರಿದ್ದಿತು. ಗದ್ದುಗೆ, ಪಲ್ಲಕ್ಕಿ, ಮಹಾದ್ವಾರಗಳು ಮಠಕ್ಕೆ ಭೂಷಣಗಳೇ ಹೌದು. ಆದರೆ ಶಬ್ದದ ಮೂಲಾರ್ಥದಲ್ಲಿ ಸ್ಥಾನವಿರುವುದು ವಿದ್ಯಾರ್ಥಿಗೆ. ಆದಕಾರಣ ಮಠವೊಂದರ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಶಾಲೆಯೊಂದರ ಚರಿತ್ರೆಯನ್ನು ಅವಲೋಕಿಸುವುದು ಅಪ್ರಸ್ತುತವೆನಿಸಲಾರದು. ಆ ಶಾಲೆಯು ಮಠದ್ದಲ್ಲ, ವೀರಶೈವ ಸಮಾಜದವರು ಸ್ಥಾಪಿಸಿದುದೂ ಅಲ್ಲ. ಆದರೂ ಮಠಗಳ ಭಕ್ತರೂ ಶಿಷ್ಯರೂ ಮನನಮಾಡತಕ್ಕ ವಿಷಯವು ಅದರ ಚರಿತ್ರೆಯಲ್ಲಿ ಬಹಳವಾಗಿರುವುದು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಸವನಗುಡಿಗೆ ಆ ಹೆಸರು ಬಂದುದು ಅಲ್ಲಿಯ ಏಕಶಿಲಾ ವೃಷಭಮೂರ್ತಿಯಿಂದ. ಕೆಂಪೇಗೌಡರ ಕಾಲದ್ದೆಂದು ಪ್ರಸಿದ್ಧವಾದ ಆ ಗುಡಿಯ ಸುತ್ತಲೂ ಹಿಂದೆ ಇದ್ದುವು ಸುಂಕೇನಹಳ್ಳಿಯೇ ಮೊದಲಾದ ಗ್ರಾಮಗಳ ಹೊಲಗಳು. ಅಲ್ಲಿಯ ಒಕ್ಕಲಿಗರು ಹೊಸ ಬೆಳೆಯ ಕಡಲೆಕಾಯಿಯನ್ನು ಮೊದಲು ಬಸವಣ್ಣನಿಗೆ ಅರ್ಪಿಸುತ್ತಿದ್ದರೆಂಬುದರ ಕುರುಹಾಗಿ ಕಾರ್ತಿಕಮಾಸದ ಕಡೆಯ ಸೋಮವಾರದ ಪರಿಷೆಯು ಇಂದಿಗೂ ನಡೆಯುತ್ತಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಹಾಮಾರಿಯು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನರು ಗುಂಪುಗುಂಪಾಗಿ ಮಡಿದರು. ಗಾಳಿ ಬೆಳಕುಗಳಿಲ್ಲದ ಆ ವಾಸವನ್ನು ತಪ್ಪಿಸಬೇಕೆಂದು ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ, ಎಂಬೆರಡು ಬಡಾವಣೆಗಳನ್ನು ಸರ್ಕಾರದವರು ನಿರ್ಮಿಸಿದರು. ಅಗಲವಾದ ರಸ್ತೆಗಳು, ಸಾಲುಮರಗಳು, ಮನೆಯ ಸುತ್ತಲೂ ಕೈತೋಟ, ಇವು ಈ ಹೊಸ ಬಡಾವಣೆಯ ಲಕ್ಷಣಗಳಾದುವು. ಜನರು ನೆಲೆಯೂರಿದ ಮೇಲೆ ಮಕ್ಕಳಿಗೆ ವಿದ್ಯೆಯ ಚಿಂತೆ ಹುಟ್ಟುವುದು ಸಹಜವಷ್ಟೆ.

ಆ ಚಿಂತೆಗೆ ಉತ್ತರವು ಬಂದುದು 1917ರಲ್ಲಿ. ಸ್ವರಾಜ್ಯ ಚಳವಳಿಯ ನಾಯಕಿಯಾಗಿದ್ದ ಆನಿ ಬೆಸೆಂಟರನ್ನು ಆ ವರ್ಷದ ಜೂನ್ ತಿಂಗಳಲ್ಲಿ ಮದರಾಸು ಸರ್ಕಾರದವರು ನಿರ್ಬಂಧದಲ್ಲಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗಿ ಡಿಸೆಂಬರಿನಲ್ಲಿ ಆಕೆಯು ಕಲ್ಕತ್ತೆಯ ಕಾಂಗ್ರೆಸ್ಸಿಗೆ ಅಧ್ಯಕ್ಷೆಯಾದರು. ಭಾರತದ ಬಾಲಕರಿಗೆ ಭಾರತೀಯವಾದ ಶಿಕ್ಷಣವು ದೊರೆಯಬೇಕು, ದೇಶದ ಚರಿತ್ರೆ, ಧರ್ಮ, ಕಲೆಗಳಲ್ಲಿ ಅವರಿಗೆ ಅಭಿಮಾನವು ಹುಟ್ಟಬೇಕು, ಗುಮಾಸ್ತೆಗಿರಿಯೊಂದೇ ವಿದ್ಯೆಯ ಫಲವಾಗಬಾರದು, ಎಂಬುದು ಆಕೆಯು ಪ್ರಚಾರಮಾಡಿದ ರಾಷ್ಟ್ರೀಯ ಶಿಕ್ಷಣದ ತತ್ತ್ವ. ಈ ತತ್ತ್ವದ ಪ್ರೇರಣೆಯಿಂದ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. ಅದೇ 1917ರಲ್ಲಿ ತುಮಕೂರಿನ ಬಳಿಯ ಸಿದ್ಧಗಂಗಾ ಕ್ಷೇತ್ರದಲ್ಲಿ ಶ್ರೀ ಉದ್ಧಾನ ಶಿವಯೋಗಿಗಳವರು ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಒಂದು ಪಟ್ಟಣದ ಬಡಾವಣೆಯಲ್ಲಿ, ಮತ್ತೊಂದು ಬೆಟ್ಟದ ಬುಡದಲ್ಲಿ. ಒಂದು ನವೀನ ವಿದ್ಯೆಗೆ, ಮತ್ತೊಂದು ಪ್ರಾಚೀನ ವಿದ್ಯೆಗೆ. ಇವೆರಡರ ದಾರಿಗಳು ಬೇರೆ ಬೇರೆಯಾದರೂ ಎದುರಿಸಬೇಕಾಗಿ ಬಂದ ಪ್ರಶ್ನೆಯು ಒಂದೇ ಆಗಿದ್ದಿತು: ಬಡವನ ಮಗನು ಎಲ್ಲಿ ಉಂಡು, ಎಲ್ಲಿ ಮಲಗಿ, ಓದಬೇಕು?

ಆ ಕಾಲದಲ್ಲಿ ಹೈಸ್ಕೂಲುಗಳಿದ್ದುದು ಜಿಲ್ಲೆಯ ಮುಖ್ಯ ಪಟ್ಟಣಗಳಲ್ಲಿ ಮತ್ತು ಕೆಲವೇ ತಾಲ್ಲೂಕು ಸ್ಥಳಗಳಲ್ಲಿ. ಹಳ್ಳಿಯ ಹುಡುಗನು ಮಿಡಲ್ ಸ್ಕೂಲನ್ನು ಮುಗಿಸಿದನೆಂದರೆ ಅವನ ವಿದ್ಯೆಯು ಅಲ್ಲಿಗೇ ಮುಗಿದಂತೆ. ಪಟ್ಟಣಕ್ಕೆ ಬಂದವನಿಗೆ ಫೀಜಿನ ಕಷ್ಟಕ್ಕಿಂತಲೂ ಅನ್ನದ ಕಷ್ಟವು ದೊಡ್ಡದು. ಕೆಲವರು ವಾರಾನ್ನಮಾಡಿಕೊಂಡು, ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆಯೆಂದು ಏಳು ಬಾಗಿಲುಗಳನ್ನು ಗೊತ್ತುಮಾಡಿಕೊಂಡು ಕಾಲಕಳೆಯುತ್ತಿದ್ದರು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಈ ಪದ್ಧತಿಯಾದರೂ ಜಾತಿಯ ಕಟ್ಟಿಗೆ ಒಳಪಟ್ಟುದರಿಂದ ಎಲ್ಲರಿಗೂ ಲಭ್ಯವಾದುದಲ್ಲ. ವೀರಶೈವ ವಿದ್ಯಾರ್ಥಿಗಳ ಮಟ್ಟಿಗೆ ಗುಬ್ಬಿ ತೋಟದಪ್ಪನವರ ಔದಾರ್ಯವು ದೊಡ್ಡ ಆಸರೆಯಾಯಿತು. ಬೆಂಗಳೂರು ರೈಲ್ವೆ ನಿಲ್ದಾಣದ ಎದುರಿಗೆ ಅವರು ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಪ್ರಾರಂಭವಾಗಿ, ಅವರ ಧರ್ಮಸಂಸ್ಥೆಯಿಂದ ಉಚಿತ ವಿದ್ಯಾರ್ಥಿನಿಲಯವೂ ನಡೆದುಬಂದಿತು. ಆದರೆ ಯಾವ ಸಮಾಜದ ಆಸರೆಯೂ ಇಲ್ಲದ ಬಾಲಕನ ಗತಿಯೇನು?

ಈ ಪ್ರಶ್ನೆಗೆ ಜೀವಂತ ನಿದರ್ಶನವಾಗಿ 1935ರಲ್ಲಿ ಒಬ್ಬ ಬಾಲಕನು ನ್ಯಾಷನಲ್ ಹೈಸ್ಕೂಲಿನ ಬಾಗಿಲಿಗೆ ಬಂದನು. ಗೌರೀಬಿದನೂರು ತಾಲ್ಲೂಕಿನ ಹೊಸೂರು ಅವನ ಗ್ರಾಮ; ನರಸಿಂಹಯ್ಯನೆಂದು ಹೆಸರು; 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಜನನ. ಊರಿನಲ್ಲಿ ಹೈಸ್ಕೂಲಿರಲಿಲ್ಲ. ಬೆಂಗಳೂರಿಗೆ ಬರಲು ಬಸ್ಸಿನ ಹಣವೂ ಇಲ್ಲದೆ ಅವನು ಸುಮಾರು 50 ಮೈಲಿಗಳ ದಾರಿಯನ್ನು ಎರಡು ದಿನಗಳಲ್ಲಿ ನಡೆದು ಬಂದನು. ಬಡ ಹುಡುಗರಿಗಾಗಿ ಪಟ್ಟಣದಲ್ಲಿದ್ದ ವಸತಿಗೃಹದ ಆಶ್ರಯವು ಅವನಿಗೆ ದೊರೆಯಿತು. ಆ ಊಟವೂ ಆ ನೆಲೆಯೂ ದೊರೆಯದಿದ್ದ ಪಕ್ಷದಲ್ಲಿ ಅವನ ಬುದ್ಧಿಯು ಎಷ್ಟು ಚುರುಕಾಗಿದ್ದರೂ ಮತ್ತೆ 50 ಮೈಲಿ ಹಿಂದಕ್ಕೆ ನಡೆಯಬೇಕಾಗಿದ್ದಿತು.

ಮರುವರ್ಷ, 1936ರಲ್ಲಿ, ಮಹಾತ್ಮ ಗಾಂಧಿಯವರು ಶಾಲೆಗೆ ಬಿಜಯಮಾಡಿದರು. ಅವರ ಹಿಂದೀ ಭಾಷಣವನ್ನು ಸಭೆಗೆ ಕನ್ನಡದಲ್ಲಿ ಹೇಳುವ ಭಾಗ್ಯವು ಈ ಬಾಲಕನದಾಯಿತು. ಹಳ್ಳಿಯಿಂದ ನಡೆದು ಬಂದು ಒಂದೆರಡು ವರ್ಷಗಳೂ ತುಂಬದ ಹುಡುಗನಿಗೆ ಇಂಥ ಕಾರ್ಯವನ್ನು ವಹಿಸಿದ ಉಪಾಧ್ಯಾಯರ ಔದಾರ್ಯವನ್ನು ಇಲ್ಲಿ ಗಮನಿಸಬೇಕು. ಅನುಕೂಲಸ್ಥರ ಮಕ್ಕಳು ಆ ಶಾಲೆಯಲ್ಲಿ ಇಲ್ಲದಿರಲಿಲ್ಲ. ಯೋಗ್ಯತೆಯನ್ನು ನೋಡಿ ಮುಂದೆ ನಿಲ್ಲಿಸುವುದು ಗುರುವಿನ ಧರ್ಮ. ಅದನ್ನು ಅವರು ನಡೆಸಿದರು. ಅಂದಿನಿಂದ ಆ ಬಾಲಕನು ಉಟ್ಟ ಖಾದಿಯು ಕಡೆಯವರೆಗೂ ಅವನ ಮೈಮೇಲಿಂದ ಇಳಿಯಲಿಲ್ಲ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯು ಹಬ್ಬಲು ಬೆಂಗಳೂರಿನ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಬೀದಿಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ವ್ಯಾಸಂಗಮಾಡುತ್ತಿದ್ದ ನರಸಿಂಹಯ್ಯನವರೂ ಓದನ್ನು ನಿಲ್ಲಿಸಿ ಸೆರೆಮನೆಯನ್ನು ಸೇರಿದರು. 1947ರಲ್ಲಿ ದೇಶವು ಸ್ವತಂತ್ರವಾದ ಮೇಲೆಯೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಸತ್ಯಾಗ್ರಹವು ನಡೆದಾಗ ವಿದ್ಯಾರ್ಥಿಗಳೇ ಅದರ ಮುಂಚೂಣಿಯಲ್ಲಿದ್ದರು. ರಾಷ್ಟ್ರೀಯ ಶಿಕ್ಷಣವೆಂದು 1917ರಲ್ಲಿ ಹೇಳಿದ ಮಾತಿಗೆ ಮೂವತ್ತು ವರ್ಷಗಳಲ್ಲಿ ಫಲವು ಕಂಡುದು ಹೀಗೆ.

ಈ ನಡುವೆ ಶಾಲೆಯ ಆವರಣವೂ ಬದಲಾಗುತ್ತ ಬಂದಿತು. 1945ರಲ್ಲಿ ಅದೇ ಸಂಸ್ಥೆಯಿಂದ ನ್ಯಾಷನಲ್ ಕಾಲೇಜು ಬಸವನಗುಡಿಯಲ್ಲಿಯೇ ಆರಂಭವಾಯಿತು. ಹೈಸ್ಕೂಲಿನ ಮಕ್ಕಳು ಮುಂದಿನ ಓದಿಗೆ ಪಟ್ಟಣದ ಮತ್ತೊಂದು ಭಾಗಕ್ಕೆ ಹೋಗಬೇಕಾದ ಶ್ರಮವು ತಪ್ಪಿತು. 1946ರಲ್ಲಿ ಎಂ.ಎಸ್‌ಸಿ. ಪದವೀಧರರಾಗಿ ನರಸಿಂಹಯ್ಯನವರು ಈ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಬಂದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಡಾಕ್ಟೊರೇಟನ್ನು ಪಡೆದು ಹಿಂದಿರುಗಿ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟೆಲ್ಲ ಪದವಿಗಳು ಬಂದರೂ ಅವರು ಮನೆಯನ್ನು ಮಾಡಲಿಲ್ಲ, ವಿವಾಹವಾಗಲಿಲ್ಲ. ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ನಿವಾಸ. ವಿದ್ಯಾರ್ಥಿಗಳೇ ಅವರ ನೆರೆಹೊರೆ. 2005ರ ಜನವರಿ 31ರಂದು ಅವರು ಕಾಲವಾದರು. ಬಾಲ್ಯದಲ್ಲಿ ಪಡೆದ ನೆರಳನ್ನು ಇತರರಿಗೆ ಹಿಂದಿರುಗಿಸುವುದೇ ಅವರ ಆಯುಷ್ಯದ ವ್ರತವಾಗಿದ್ದಿತು. ಗೌರೀಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಹುಟ್ಟಿದುದು ಇದೇ ವ್ರತದ ಫಲ. ಆ ಸೀಮೆಯ ಹುಡುಗರು ಮತ್ತೆ ಬೆಂಗಳೂರಿಗೆ ನಡೆಯಬೇಕಾದ ಕಾರಣವು ಉಳಿಯಲಿಲ್ಲ.

ವಿದ್ಯಾರ್ಥಿಗಳ ದಿನಚರಿಯಲ್ಲಿಯೂ ಮಾರ್ಪಾಟುಗಳಾದುವು. ಪಂಚೆ, ಟೋಪಿಗಳಿದ್ದಲ್ಲಿ ಷರಾಯಿ ಬಂದಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿತವಾಗಿ, ವಿಜ್ಞಾನದ ಉಪನ್ಯಾಸಗಳನ್ನು ವಿದ್ಯಾರ್ಥಿಗಳೂ ಊರಿನ ಸಾಮಾನ್ಯ ಜನರೂ ಒಂದೇ ಸಭಾಂಗಣದಲ್ಲಿ ಕುಳಿತು ಕೇಳುವಂತಾಯಿತು. ಕಾಲೇಜಿನ ಹೆಸರಿನ ಮೈದಾನವು ನಾಡಿನ ದೊಡ್ಡ ದೊಡ್ಡ ರಾಜಕೀಯ ಸಭೆಗಳಿಗೂ ಹುಡುಗರ ಚೆಂಡಾಟಕ್ಕೂ ಸಮಾನವಾಗಿ ಆಶ್ರಯಕೊಟ್ಟಿತು. ಈ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಒಂದೇ ಸರದಿಯಲ್ಲಿ ಹತ್ತೂ ವಿಕೆಟ್ಟುಗಳನ್ನು ಪಡೆದುದು ಲೋಕವಿದಿತ.

ಊರು ದಕ್ಷಿಣಕ್ಕೆ ಬೆಳೆಯಿತು. 1948ರ ಆಗಸ್ಟ್ ತಿಂಗಳಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರ ಬಡಾವಣೆಗೆ ಅಸ್ತಿಭಾರವನ್ನಿಟ್ಟರು. ಅಲ್ಲಿಯ ಅಶೋಕ ಸ್ತಂಭವು ಅದರ ನೆನಪು. ಆ ಬಡಾವಣೆಯಲ್ಲಿಯೂ 1965ರಲ್ಲಿ ಇದೇ ಸಂಸ್ಥೆಯ ಕಾಲೇಜು ಸ್ಥಾಪನೆಗೊಂಡಿತು. ಬನಶಂಕರಿ, ಜಯಪ್ರಕಾಶ ನಗರಗಳು ಅನಂತರ ಬೆಳೆದುವು. ಶಾಲೆಗೆ ನೂರು ವರ್ಷ ತುಂಬಿದ 2017ರಲ್ಲಿಯೇ, ಜೂನ್ 18ರಂದು, ನ್ಯಾಷನಲ್ ಕಾಲೇಜಿನ ಹೆಸರಿನ ಮೆಟ್ರೋ ನಿಲ್ದಾಣವು ಜನರ ಸಂಚಾರಕ್ಕೆ ತೆರೆಯಿತು. ಪೇಟೆಯ ಕೆಳಗೆ ಸುರಂಗದಲ್ಲಿ ಬರುವ ರೈಲು ಈ ಸ್ಥಳದ ಹತ್ತಿರ ನೆಲದಿಂದ ಮೇಲಕ್ಕೆ ಬಂದು, ಲಾಲ್‌ಬಾಗು, ಜಯನಗರ, ಬನಶಂಕರಿಗಳ ಕಡೆಗೆ ಸಾಗುವುದು. ಅದೇ ದಾರಿಯಲ್ಲಿ ಮತ್ತೊಂದು ನಿಲ್ದಾಣಕ್ಕೆ ರಾಷ್ಟ್ರೀಯ ವಿದ್ಯಾಲಯದ ಹೆಸರಿದೆ. ಅರಸರಿಗೂ ಮಂತ್ರಿಗಳಿಗೂ ಸಲ್ಲುವ ಇಂಥ ಗೌರವವು ಇಲ್ಲಿ ವಿದ್ಯಾಸ್ಥಾನಗಳಿಗೆ ಸಂದುದು ದಕ್ಷಿಣ ಬೆಂಗಳೂರಿನ ಹಿರಿಮೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ನರಸಿಂಹಯ್ಯನವರು ಪವಾಡಗಳನ್ನು ನಂಬಿದವರಲ್ಲ. ಕುಲಪತಿಗಳಾಗಿದ್ದಾಗ 1976ರಲ್ಲಿ ಅವುಗಳ ಪರೀಕ್ಷೆಗೆಂದೇ ಸಮಿತಿಯನ್ನು ಏರ್ಪಡಿಸಿದವರು. ಅಂಥವರ ಸ್ಮರಣೆಗೆ ಮಠದ ಗ್ರಂಥದಲ್ಲಿ ಏನು ಪ್ರಸಕ್ತಿ? ಇದಕ್ಕೆ ಸಮಾಧಾನವನ್ನು ಅವರನ್ನು ಭಕ್ತರೆಂದು ಕರೆಯುವುದರಿಂದ ಹೇಳಬಾರದು. ಹಾಗೆ ಮಾಡುವುದು ಅವರಿಗೂ ಸತ್ಯಕ್ಕೂ ಅಪಚಾರ. ಶಿವಶರಣರು ಶಕುನವನ್ನೂ ಮುಹೂರ್ತವನ್ನೂ ಕೈಬಿಟ್ಟು ಮನುಷ್ಯನನ್ನು ಅಳೆದುದು ಕಾಯಕದಿಂದ ಮತ್ತು ದಾಸೋಹದಿಂದ. ಆ ಅಳತೆಗೋಲನ್ನು ಹಿಡಿದರೆ, ಇಷ್ಟಲಿಂಗವನ್ನು ಧರಿಸದ ಈ ಪುರುಷನ ಬಾಳು ಕಡಿಮೆ ಬೀಳುವುದಿಲ್ಲವೆಂಬುದನ್ನು ಒಪ್ಪಬೇಕಾಗುವುದು. ಪ್ರಶ್ನಿಸುವುದನ್ನು ಪಾಪವೆಂದು ಅನುಭವಮಂಟಪವು ಎಂದೂ ಎಣಿಸಲಿಲ್ಲವಷ್ಟೆ.

ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನೂ ವಿಶದವಾಗುವುದು. 1907ರಲ್ಲಿ ವೀರಾಪುರವೆಂಬ ಹಳ್ಳಿಯಲ್ಲಿ ಜನಿಸಿದ ಅವರು ಅದೇ ಸೆಂಟ್ರಲ್ ಕಾಲೇಜಿನಲ್ಲಿ, ಭೌತಶಾಸ್ತ್ರ ಗಣಿತಗಳನ್ನು ಸಹ ಓದುತ್ತಿದ್ದವರು. 1930ರಲ್ಲಿ ವಿರಕ್ತಾಶ್ರಮವು ಪ್ರಾಪ್ತವಾಗಲು ಪದವಿಯನ್ನು ಮುಗಿಸದೆ ಹೊರಟರು. ಒಬ್ಬರ ಓದನ್ನು ಕಾವಿಯು ನಿಲ್ಲಿಸಿತು, ಮತ್ತೊಬ್ಬರ ಓದನ್ನು ಸೆರೆಮನೆಯು ನಿಲ್ಲಿಸಿತು. ಒಬ್ಬರು ತ್ರಿಕಾಲ ಶಿವಪೂಜಾನಿಷ್ಠರು, ಮತ್ತೊಬ್ಬರು ಪೂಜೆಯಿಂದ ದೂರವಿದ್ದವರು. ಆದರೆ ಇಬ್ಬರೂ ಜೀವಮಾನವನ್ನು ಕಳೆದುದು ವಿದ್ಯಾರ್ಥಿಗಳ ನಡುವೆ. ಸಿದ್ಧಗಂಗೆಯಲ್ಲಿ ಜಾತಿಮತಗಳನ್ನು ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳು ನಡೆದುಬಂದುದನ್ನು ನಾಡೆಲ್ಲವೂ ಬಲ್ಲುದು. 2019ರ ಜನವರಿ 21ರಂದು ಶ್ರೀಗಳವರು ಲಿಂಗೈಕ್ಯರಾದ ದಿನವೂ, ಅವರ ಇಚ್ಛೆಯಂತೆ, ಮಕ್ಕಳ ಪ್ರಸಾದವಾದ ಮೇಲೆಯೇ ಆ ವಾರ್ತೆಯನ್ನು ಪ್ರಕಟಪಡಿಸಿದರು.

ಇನ್ನು ವಿಚಾರಿಸಬೇಕಾದುದು ಇಂದಿನ ಕರ್ತವ್ಯವನ್ನು. ಮಹೋತ್ಸವಗಳ ಸಂದರ್ಭದಲ್ಲಿ ಭಕ್ತರು ಭಕ್ತಿಯಿಂದ ಕಾಣಿಕೆಯನ್ನು ಸಲ್ಲಿಸುವರು. ಕಲ್ಲಿನ ಮಹಾದ್ವಾರವು ಬೇಗನೆ ಕಣ್ಣಿಗೆ ಕಾಣುವುದು. ಅದರ ಮೇಲೆ ದಾನಿಗಳ ಹೆಸರನ್ನು ಕೆತ್ತುವುದಕ್ಕೂ ಅನುಕೂಲವುಂಟು. ವಿದ್ಯಾರ್ಥಿಗೆ ಇಟ್ಟ ಅನ್ನದ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು; ಅದು ಆ ದಿನವೇ ಕರಗಿ, ಇಪ್ಪತ್ತು ವರ್ಷಗಳ ಮೇಲೆ ಒಬ್ಬ ಮನುಷ್ಯನ ರೂಪದಲ್ಲಿ ಕಾಣಿಸಿಕೊಳ್ಳುವುದು. ಬಸವನಗುಡಿಯ ಆ ಹೈಸ್ಕೂಲಿಗೆ ಕೀರ್ತಿಯು ಬಂದುದು ಕಟ್ಟಡದಿಂದಲ್ಲ, ಬಡ ಹುಡುಗನೊಬ್ಬನನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸದೆ ಇದ್ದುದರಿಂದ. ರೈಲುಗಳು ಬಂದರೂ, ಬಡಾವಣೆಗಳು ಬೆಳೆದರೂ, ಹಳ್ಳಿಯಿಂದ ಬರಿಗೈಯಲ್ಲಿ ಬರುವ ಮಕ್ಕಳು ಇನ್ನೂ ಬರುತ್ತಲೇ ಇರುವರು. ಅವರ ಜಾತಿಯನ್ನು ಕೇಳುವುದಕ್ಕೆ ಮೊದಲು ಊಟವಾಯಿತೇ ಎಂದು ಕೇಳುವ ಸ್ಥಳವು ಎಲ್ಲಿರುವುದೋ ಅದೇ ಅಮರಸಿಂಹನು ಹೇಳಿದ ಅರ್ಥದಲ್ಲಿ ಮಠವು.